ಪೀಣ್ಯದ ಯಂತ್ರಗಳು ಓದಿದ ಸಾಲುಗಳು

ಸಿಎನ್‌ಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರದ ಪ್ರೋಗ್ರಾಂ ಬರಿಯ ಅಕ್ಷರ, ಅಂಕಿಗಳ ಸಾಲು. ಜಿ01 ಬಂದರೆ ಟೂಲ್ ನೇರ ಗೆರೆಯಲ್ಲಿ ಲೋಹ ಕಡಿಯುತ್ತ ಸಾಗುತ್ತದೆ, ಎಂ03 ಬಂದರೆ ಸ್ಪಿಂಡಲ್ ತಿರುಗತೊಡಗುತ್ತದೆ. ಬರೆದವನ ಉದ್ದೇಶ ಇದೇ ಹೌದೇ ಎಂದು ಯಂತ್ರ ಕೇಳುವುದಿಲ್ಲ. ಆ ಪ್ರಶ್ನೆ ಕೇಳುವ ಹೊಣೆ ಕೈಯಿಂದ ಕೈಗೆ ದಾಟಿದ್ದೇ ಈ ಕಸುಬಿನ ಚರಿತ್ರೆ.

1952ರಲ್ಲಿ ಅಮೆರಿಕದ ಎಂಐಟಿ ಅಂಕಿಗಳ ಆದೇಶದಂತೆ ನಡೆಯುವ ಯಂತ್ರವೊಂದನ್ನು ನಡೆಸಿ ತೋರಿಸಿತು. ಮರುವರ್ಷ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಹುಟ್ಟಿತು. ಜಾಲಹಳ್ಳಿಯಲ್ಲಿ ಮೊದಲು ತಯಾರಾದದ್ದು ಕೈಯಿಂದ ನಡೆಸುವ ಲೇತುಗಳು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದು ಈ ನೆರೆಯಲ್ಲಿ.

ಆರಂಭದ ಪ್ರೋಗ್ರಾಂಗಳು ಇದ್ದದ್ದು ಕಾಗದದ ಟೇಪಿನಲ್ಲಿ: ಒಂದಿಂಚು ಅಗಲ, ಅಡ್ಡಕ್ಕೆ 8 ತೂತಿನ ಜಾಗ, ಇಂಚಿಗೆ 10 ಅಕ್ಷರ. ಇಐಎ ಸಂಕೇತದಲ್ಲಿ ಪ್ರತಿ ಅಕ್ಷರಕ್ಕೂ ಬೆಸ ಸಂಖ್ಯೆಯ ತೂತು, ಐಎಸ್‌ಒ ಸಂಕೇತದಲ್ಲಿ ಸಮ ಸಂಖ್ಯೆಯದು. ಒಂದು ತೂತು ಎಣ್ಣೆ-ಧೂಳಿನಿಂದ ಮುಚ್ಚಿಹೋದರೆ ಲೆಕ್ಕ ತಪ್ಪಿ ಯಂತ್ರ ನಿಲ್ಲುತ್ತಿತ್ತು. ಒಂದೇ ಅಕ್ಷರದಲ್ಲಿ ಎರಡು ಮುಚ್ಚಿದರೆ ಗುಟ್ಟು ಹೊರಬೀಳುತ್ತಿರಲಿಲ್ಲ. ಟೇಪಿನ ಆರಂಭ ಗುರುತಿಸುತ್ತಿದ್ದ ಶೇಕಡಾ ಚಿಹ್ನೆಯನ್ನು ಈಗಲೂ ಫೈಲಿನ ತಲೆಯಲ್ಲಿ ಹಾಕುತ್ತಾರೆ.

ತೂತುಗಳ ಲೆಕ್ಕ ಅಕ್ಷರವನ್ನು ಕಾಯುತ್ತದೆ, ಅರ್ಥವನ್ನಲ್ಲ. ಫ್ಯಾನಕ್ ಕಂಟ್ರೋಲರುಗಳ ಸಾಮಾನ್ಯ ಸೆಟ್ಟಿಂಗಿನಲ್ಲಿ ಎಕ್ಸ್ ಮುಂದೆ 10 ಎಂದು ಬರೆದು ದಶಮಾಂಶದ ಚುಕ್ಕಿ ಬಿಟ್ಟರೆ ಅದು 10 ಮೈಕ್ರಾನ್; ಚುಕ್ಕಿ ಇಟ್ಟರೆ 10 ಮಿಲಿಮೀಟರ್. ಸಾವಿರ ಪಟ್ಟು ವ್ಯತ್ಯಾಸ, ಅದೂ ಕಣ್ಣಿಗೆ ಸರಿಯಾಗಿ ಕಾಣದ ಚುಕ್ಕಿಯಿಂದ! ಯಂತ್ರ ಸಜ್ಜುಗೊಳಿಸುವ ಸೆಟ್ಟರುಗಳು ಡ್ರೈ ರನ್ (ಲೋಹ ಕಡಿಯದೆ ಓಡಿಸಿ ನೋಡುವುದು), ಸಿಂಗಲ್ ಬ್ಲಾಕ್ ಬಿಡದೆ ಮಾಡುವುದು ಇದಕ್ಕೇ. ಸಿಂಗಲ್ ಬ್ಲಾಕಿನಲ್ಲಿ ಗುಂಡಿ ಒತ್ತಿದರಷ್ಟೇ ಮುಂದಿನ ಸಾಲು ನಡೆಯುತ್ತದೆ.

ಟೇಪಿನ ಜಾಗಕ್ಕೆ ಕಂಪ್ಯೂಟರು, ಆರ್‌ಎಸ್-232 ಕೇಬಲ್ಲು ಬಂದವು. ಆಗಿನ ಕಂಟ್ರೋಲರಿನ ಮೆಮೊರಿ ಚಿಕ್ಕದು, ಅಚ್ಚು ಕೆತ್ತುವ ಪ್ರೋಗ್ರಾಂ ಬಹಳ ಉದ್ದ. ಹಾಗಾಗಿ ಯಂತ್ರ ಕಡಿಯುತ್ತಿರುವಾಗಲೇ ಸಾಲುಗಳನ್ನು ಸ್ವಲ್ಪಸ್ವಲ್ಪವಾಗಿ ಕಳಿಸುವ ಡ್ರಿಪ್ ಫೀಡ್ ರೂಢಿಯಾಯಿತು. ಹತ್ತು ಸಾವಿರನೇ ಸಾಲಿನ ತಪ್ಪು ಅಲ್ಲಿಗೆ ಮುಟ್ಟಿದಾಗಲೇ ತಿಳಿಯುತ್ತಿತ್ತು. ಅಷ್ಟರಲ್ಲಿ ಜಾಬ್, ಅಂದರೆ ಕಡಿಯುತ್ತಿರುವ ಲೋಹದ ತುಂಡು, ಮುಕ್ಕಾಲು ಕಡಿದಾಗಿರುತ್ತಿತ್ತು. ಇದಕ್ಕೆ ಹೋಲಿಸಿದರೆ, ಆಕ್ಲೆಂಡಿನಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ಕಟ್ಟಿದ ಆರ್ ಎಂಬ ಕಂಪ್ಯೂಟರ್ ಭಾಷೆಯ ಕ್ರಮವೇ ಬೇರೆ. ಅಲ್ಲಿ ಪಠ್ಯವಾಗಿ ಕೊಟ್ಟ ಕೋಡನ್ನು ಪಾರ್ಸ್ ಎಂಬ ಆಜ್ಞೆ ಮೊದಲು ಪೂರ್ತಿ ಓದುತ್ತದೆ; ಕೊನೆಯ ಸಾಲಿನಲ್ಲಿ ಆವರಣ ಮುಚ್ಚದಿದ್ದರೂ ಅದನ್ನು ನಡೆಸುವ ಇವ್ಯಾಲ್‌ಗೆ ಏನೂ ಸಿಗದು. ಆದರೆ ವ್ಯಾಕರಣ ಸರಿಯಿದ್ದು ಲೆಕ್ಕ ತಪ್ಪಿದ್ದರೆ ಆರ್ ಕೂಡ ಸುಮ್ಮನೆ ನಡೆಸಿಬಿಡುತ್ತದೆ.

ಈಚಿನ ಸಿಮ್ಯುಲೇಷನ್ ತಂತ್ರಾಂಶ ಇಡೀ ಪ್ರೋಗ್ರಾಂ ಅನ್ನು ಮೊದಲೇ ಪರದೆಯ ಮೇಲೆ ನಡೆಸಿ ತೋರಿಸುತ್ತದೆ. ಜಾಬನ್ನು ನಿಜವಾಗಿ ಎಲ್ಲಿ ಕಟ್ಟಿದ್ದಾರೆ, ಟೂಲಿನ ಆಫ್‌ಸೆಟ್ ಎಷ್ಟು ಹಾಕಿದ್ದಾರೆ ಎಂಬುದು ಮಾತ್ರ ಅದಕ್ಕೆ ಕಾಣದು. ಮೊದಲ ಪೀಸನ್ನು ಸೆಟ್ಟರ್ ಇಂದಿಗೂ ಸಿಂಗಲ್ ಬ್ಲಾಕಿನಲ್ಲೇ ನಡೆಸುತ್ತಾನೆ.