ಮೂವತ್ತು ದಿನದ ಬೊಜ್ಜು

1948ರಲ್ಲಿ ಹುಟ್ಟಿದ ಸರ್ಕಾರಿ ಫಿಲ್ಮ್ಸ್ ಡಿವಿಜನ್ನಿನ ಸಾಕ್ಷ್ಯಚಿತ್ರಗಳನ್ನು ಸಿನಿಮಾಕ್ಕೆ ಮುಂಚೆ ತೋರಿಸುವುದು ಟಾಕೀಸುಗಳಿಗೆ ಬಹುಕಾಲ ಕಡ್ಡಾಯವಾಗಿತ್ತು. ಅಲ್ಲಿ ಕೇಳುತ್ತಿದ್ದುದು ಉಪದೇಶದ ದನಿ. 1975–76ರ ‘ಸೈಟ್’ ಉಪಗ್ರಹ ಪ್ರಯೋಗ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ತಂದಾಗಲೂ ಬಂದದ್ದು ಕೃಷಿ, ಆರೋಗ್ಯ, ಪೌಷ್ಟಿಕತೆಯ ಪಾಠ. ಆಗಿನ ಚಿಂತೆ ಹಸಿವು, ಬೊಜ್ಜಲ್ಲ.

ಫಾಸ್ಟ್‌ಫುಡ್ ನಮ್ಮಲ್ಲಿ ಮೊದಲು ವಿವಾದವಾದದ್ದು ತೆರೆಯ ಮೇಲಲ್ಲ, ಬೀದಿಯಲ್ಲಿ. 1995ರಲ್ಲಿ ಬೆಂಗಳೂರಿಗೆ ಕೆಎಫ್‌ಸಿ ಬಂತು. ಮರುವರ್ಷ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಆ ಮಳಿಗೆಗೆ ನುಗ್ಗಿದರು.

ಉಪದೇಶವನ್ನು ಬದಿಗಿಟ್ಟು ದೇಹವನ್ನೇ ಸಾಕ್ಷಿಗೆ ನಿಲ್ಲಿಸಿದ್ದು 2004ರ ‘ಸೂಪರ್ ಸೈಜ್ ಮಿ’. ಅದರ ನಿರ್ದೇಶಕ ಮಾರ್ಗನ್ ಸ್ಪರ್ಲಾಕ್ 30 ದಿನ ಮೂರು ಹೊತ್ತೂ ಮ್ಯಾಕ್‌ಡೊನಾಲ್ಡ್ಸ್ ಊಟವನ್ನೇ ಉಂಡ. ಎರಡನೆಯ ದಿನವೇ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಳ್ಳುತ್ತಾನೆ. ಕ್ಯಾಮೆರಾ ಅತ್ತಿತ್ತ ಸರಿಯುವುದಿಲ್ಲ. ವೈದ್ಯರು ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ, ಲಿವರ್ ನೋಡಿ ದಂಗಾಗುತ್ತಾರೆ. ಕೊನೆಗೆ ತೂಕ 11 ಕಿಲೋ ಏರಿತ್ತು. ಚಿತ್ರ ಥಿಯೇಟರಿಗೆ ಬರುವ ಮೊದಲೇ ಕಂಪನಿ ‘ಸೂಪರ್ ಸೈಜ್’ ಎಂಬ ದೊಡ್ಡ ಅಳತೆಯನ್ನು ಕೈಬಿಡುವುದಾಗಿ ಹೇಳಿತು, ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದಿತು. 2009ರಲ್ಲಿ ಟಾಮ್ ನಾಟನ್ ಸ್ಪರ್ಲಾಕ್‌ಗೆ ಉತ್ತರವಾಗಿ ‘ಫ್ಯಾಟ್ ಹೆಡ್’ ಮಾಡಿ, ಫಾಸ್ಟ್‌ಫುಡ್ ತಿಂದೇ ತೂಕ ಇಳಿಸಿ ತೋರಿಸಿದ. 2017ರಲ್ಲಿ ಸ್ಪರ್ಲಾಕ್ ತನ್ನ ದೀರ್ಘಕಾಲದ ಕುಡಿತವನ್ನು ಒಪ್ಪಿಕೊಂಡ ಮೇಲೆ, ಆ ಲಿವರ್ ಕೆಟ್ಟದ್ದು ಯಾವುದರಿಂದ ಎಂಬ ಪ್ರಶ್ನೆ ಎದ್ದಿತು. ಅಷ್ಟಾದರೂ ಚಿತ್ರದ ಬಲ ಉಳಿದಿದೆ. ವರ್ಷಗಟ್ಟಲೆ ನಿಧಾನಕ್ಕೆ ಸೇರುವ ಬೊಜ್ಜನ್ನು ಅದು ಒಂದೇ ತಿಂಗಳಿಗೆ ಕುಗ್ಗಿಸಿ ಕಣ್ಣೆದುರಿಗೇ ತೋರಿಸಿತು. ಅದರ ಶಕ್ತಿಯೂ ಅದೇ, ಮೋಸವೂ ಅದೇ.

‘ಸೂಪರ್ ಸೈಜ್ ಮಿ’ ತೆರೆದ ದಾರಿಯಲ್ಲೇ ‘ಫುಡ್, ಇಂಕ್.’ (2008) ಕೋಳಿ ಸಾಕಣೆಯ ಶೆಡ್ಡುಗಳನ್ನು ಹೊಕ್ಕಿತು. ‘ಫೆಡ್ ಅಪ್’ (2014) ದಪ್ಪಗಿರುವ ಮಕ್ಕಳ ಕಣ್ಣೀರನ್ನು ಮುಂದಿಟ್ಟು ಸಕ್ಕರೆಯನ್ನು ಅಪರಾಧಿ ಮಾಡಿತು. ಎರಡಕ್ಕೂ ಒಬ್ಬ ಖಳ ಬೇಕಿತ್ತು, ದೊಡ್ಡ ಕಂಪನಿ ಸಿಕ್ಕಿತು.

ಚಿತ್ರದುರ್ಗ, ಹಿರಿಯೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಂಜೆ ನಿಲ್ಲುವ ಎಗ್‌ರೈಸ್ ಗಾಡಿಗೆ, ಮಂಡಕ್ಕಿ–ಮಿರ್ಚಿ ಅಂಗಡಿಗೆ ಅಂಥ ಖಳ ಎಲ್ಲಿದ್ದಾನೆ? 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿ, 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡು ಆ ಬಣ್ಣವನ್ನು ನಿಷೇಧಿಸಿದಾಗ ಮೊಬೈಲುಗಳ ತುಂಬ ಕೆಂಪು ಗೋಬಿಯ ರೀಲ್‌ಗಳು ಓಡಿದವು. ಬಣ್ಣ ಕ್ಯಾಮೆರಾಕ್ಕೆ ಕಾಣುತ್ತದೆ. ದಿನವೂ ಸೇರುವ ಎಣ್ಣೆ, ಟೀಯೊಳಗಿನ ಸಕ್ಕರೆ ಕಾಣುವುದಿಲ್ಲ. ರೀಲ್ ನೋಡಿದವರು ಬಣ್ಣವಿಲ್ಲದ ಗೋಬಿ ಕೇಳಿ ನೆಮ್ಮದಿಯಿಂದ ತಿಂದರೆ ತೂಕ ಇಳಿಯದು. ಸಿಕ್ಕಿಬಿದ್ದು ಬೈಗುಳ ತಿನ್ನುವವನು ದಿನದ ದುಡಿಮೆಯ ಗಾಡಿಯವನು. ಇದು ನ್ಯಾಯವಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜಿರುವ ಹೆಂಗಸರು 2015–16ರಲ್ಲಿ ಶೇ. 23.3 ಇದ್ದವರು 2019–21ರಲ್ಲಿ ಶೇ. 30.1 ಆದರು; ಗಂಡಸರು ಶೇ. 22.1ರಿಂದ 30.9ಕ್ಕೆ ಏರಿದರು. ನಾಲ್ಕೈದೇ ವರ್ಷ.

ಚಿತ್ರದುರ್ಗ ಜಿಲ್ಲೆಯ ಯುವಕರು ಕ್ಯಾಮೆರಾ ಹಿಡಿಯುವುದಾದರೆ ಯಾರನ್ನೂ ಮೂವತ್ತು ದಿನ ಹಿಂಸಿಸುವುದು ಬೇಡ. ಹೊಳಲ್ಕೆರೆಯ ಒಂದು ಮನೆಯ ತಿಂಗಳ ದಿನಸಿ ಚೀಟಿಯನ್ನು ಒಂದು ವರ್ಷ ಹಿಂಬಾಲಿಸಿ: ಎಷ್ಟು ಎಣ್ಣೆ, ಎಷ್ಟು ಸಕ್ಕರೆ, ಎಷ್ಟು ರಾಗಿ, ಮಕ್ಕಳ ಕೈಗೆ ಬಂದ ಐದು ರೂಪಾಯಿಯ ಪೊಟ್ಟಣ ಎಷ್ಟು. ಸಾವೆ ಬೆಳೆಯುವ ಹೊಸದುರ್ಗದ ಹೊಲವನ್ನೂ ಅದೇ ಚಿತ್ರದಲ್ಲಿ ತೋರಿಸಿ. ಆಮೇಲೆ ಅದನ್ನು ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಸೇರುವ ಜನರ ಮುಂದೆ ಹಾಕಿ. ಗಂಭೀರವಾದದ್ದನ್ನು ಕೂತು ನೋಡುವ ಅಭ್ಯಾಸ ಅವರಿಗಿದೆ.