ಮುನ್ನೂರು ನಾನೂರೈವತ್ತಾದ ಕಥೆ

ಕಂಪ್ಯೂಟರಿನ ಇತಿಹಾಸ ಅಂದ್ರೆ ಸಾಮಾನ್ಯವಾಗಿ ದೊಡ್ಡ ಯಂತ್ರಗಳ, ದೊಡ್ಡ ಕಂಪೆನಿಗಳ ಕಥೆ. ಆದರೆ ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಏನು ಕೊಂಡರು, ಕೊಂಡದ್ದನ್ನು ಹೇಗೆ ದುಡಿಸಿಕೊಂಡರು ಎಂಬುದೂ ಇತಿಹಾಸವೇ. ಅದರಲ್ಲಿ 1998ನೇ ಇಸವಿಯನ್ನು ಮರೆಯುವ ಹಾಗಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಇಂಟೆಲ್ ಕಂಪೆನಿ ಅಗ್ಗದ ಕಂಪ್ಯೂಟರುಗಳಿಗಾಗಿ ಸೆಲೆರಾನ್ ಎಂಬ ಪ್ರೊಸೆಸರನ್ನು ತಂದಿತು. ಖರ್ಚು ಉಳಿಸಲು ಅದರಲ್ಲಿ ಎರಡನೇ ಹಂತದ ಕ್ಯಾಶ್ ಮೆಮೊರಿಯನ್ನೇ ಬಿಟ್ಟಿದ್ದರು. ಕ್ಯಾಶ್ ಎಂದರೆ ಒಲೆಯ ಪಕ್ಕದ ಸಾಸಿವೆ ಡಬ್ಬಿ ಇದ್ದ ಹಾಗೆ. ಅದಿಲ್ಲದಿದ್ದರೆ ಪ್ರತಿ ಒಗ್ಗರಣೆಗೂ ಉಗ್ರಾಣಕ್ಕೆ ಓಡಬೇಕು. ಸೆಲೆರಾನ್ ನಗೆಪಾಟಲಾಯಿತು.

ಕಂಪೆನಿ ತಪ್ಪನ್ನು ಬೇಗ ತಿದ್ದಿಕೊಂಡಿತು. ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಪ್ರೊಸೆಸರಿನ ಒಳಗೇ 128 ಕಿಲೋಬೈಟ್ ಕ್ಯಾಶ್ ಇತ್ತು. ಅದೇ ಹೊತ್ತಿಗೆ ಬಂದ ದುಬಾರಿ ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಇದ್ದರೂ ಅದು ಬೇರೆ ಚಿಪ್‌ಗಳಲ್ಲಿದ್ದು ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನಿನದ್ದು ಚಿಕ್ಕದು, ಆದರೆ ಪೂರ್ತಿ ವೇಗದ್ದು. ಸಗಟು ಬೆಲೆ ನೋಡಿ: 450 ಮೆಗಾಹರ್ಟ್ಸ್‌ನ ಪೆಂಟಿಯಂ 2ಕ್ಕೆ 669 ಡಾಲರ್, 300 ಮೆಗಾಹರ್ಟ್ಸ್‌ನ ಸೆಲೆರಾನಿಗೆ 149 ಡಾಲರ್.

ಇನ್ನು ವೇಗದ ಲೆಕ್ಕ. ಸೈಕಲ್ಲಿನ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಕೆಲವು ಸುತ್ತು ತಿರುಗುತ್ತದಲ್ಲ, ಹಾಗೇ ಇದು. ಮದರ್‌ಬೋರ್ಡಿನ ಬಸ್ ವೇಗವೇ ಪೆಡಲ್, ಪ್ರೊಸೆಸರಿನ ಗುಣಕ ಎಂಬುದೇ ಗೇರ್. 300ಎ ಪ್ರೊಸೆಸರಿನ ಗುಣಕ ನಾಲ್ಕೂವರೆ. ಬಸ್ 66 ಇದ್ದಾಗ ಮುನ್ನೂರು. ಕಡಿಮೆ ವೇಗದ ಚಿಪ್ಪಿಗೆ ಹೆಚ್ಚಿನ ಅಂಕಿ ಬರೆದು ಮಾರುವ ಮೋಸಗಾರರು ಆಗ ಇದ್ದದ್ದರಿಂದ ಇಂಟೆಲ್ ಗುಣಕಕ್ಕೆ ಬೀಗ ಹಾಕಿತ್ತು. ಆದರೆ ಪೆಡಲಿಗೆ ಬೀಗ ಇರಲಿಲ್ಲ. ಅದೇ ವರ್ಷ ಬಂದ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಬಸ್ಸನ್ನು 100ಕ್ಕೆ ಇಡಬಹುದಿತ್ತು. ನಾಲ್ಕೂವರೆ ನೂರು ಎಷ್ಟು? ನಾನೂರೈವತ್ತು!

ಅಬಿಟ್ ಕಂಪೆನಿಯ ಬಿಎಚ್6 ಬೋರ್ಡಿನಲ್ಲಿ ಇದನ್ನು ಪರದೆಯ ಮೇಲಿನ ಪಟ್ಟಿಯಲ್ಲೇ ಬದಲಿಸಬಹುದಿತ್ತು. ಬಸ್ ವೇಗವನ್ನು ತಾವೇ ಗುರುತಿಸಿಕೊಳ್ಳುವ ಕೆಲವು ಬೋರ್ಡುಗಳಿದ್ದವರು ಪ್ರೊಸೆಸರ್ ಕಾರ್ಡಿನ ಬಿ21 ಎಂಬ ಪಟ್ಟಿಯ ಮೇಲೆ ಚೂರು ಟೇಪ್ ಅಂಟಿಸಿ ಕೆಲಸ ಸಾಧಿಸಿದರು.

ನೂರಕ್ಕೆ ನೆಗೆಯುವ ಬದಲು ನಡುವೆ 83ರಲ್ಲಿ ನಿಂತರೆ ಹೆಚ್ಚು ಸುರಕ್ಷಿತ ಅಂತ ಅನ್ನಿಸಬಹುದು. ನಿಜ ತಿರುಗಾಮುರುಗಾ. ಡಿಸ್ಕು, ಕಾರ್ಡುಗಳ ಪಿಸಿಐ ಬಸ್ 33ರಲ್ಲಿ ಓಡಬೇಕು. 66ನ್ನು ಎರಡರಿಂದ ಭಾಗಿಸಿದರೂ 33, 100ನ್ನು ಮೂರರಿಂದ ಭಾಗಿಸಿದರೂ 33. ಆದರೆ 83ನ್ನು ಎರಡರಿಂದ ಭಾಗಿಸಿದರೆ 41 ದಾಟುತ್ತದೆ. ಹಾರ್ಡ್ ಡಿಸ್ಕಿನ ಮಾಹಿತಿಯೇ ಕೆಡಬಹುದು. ಹಾಗೆಯೇ, ಒಂದು ಮೆಟ್ಟಿಲು ಮೇಲಿನ ಸೆಲೆರಾನ್ 333ರ ಗುಣಕ ಐದು. ಅದು ನೂರರ ಬಸ್ಸಿನಲ್ಲಿ 500 ಮುಟ್ಟಬೇಕು. ಬಹಳಷ್ಟು ಚಿಪ್ಪುಗಳಿಗೆ ಅದು ಆಗಲಿಲ್ಲ. ಹೆಚ್ಚು ದುಡ್ಡು ಕೊಟ್ಟವನಿಗಿಂತ ಕಡಿಮೆ ಕೊಟ್ಟವನೇ ಗೆದ್ದ.

ಪುಕ್ಕಟೆಯಂತೂ ಅಲ್ಲ. ಓವರ್‌ಕ್ಲಾಕ್ ಮಾಡಿದರೆ ವಾರಂಟಿ ಹೋಯ್ತು. ಎಲ್ಲ ಚಿಪ್ಪೂ 450 ತಾಳುತ್ತದೆಂಬ ಭರವಸೆ ಇರಲಿಲ್ಲ. ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಶಾಖ ಹೆಚ್ಚಿದರೆ, ವೋಲ್ಟೇಜ್ ಏರಿಸಿದಾಗ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. 2.0 ವೋಲ್ಟನ್ನು 2.2 ಮಾಡಿದರೆ ಅದೇ ವೇಗದಲ್ಲೂ ಶೇಕಡಾ 21ರಷ್ಟು ಹೆಚ್ಚು ಬಿಸಿ. ಒಳ್ಳೆಯ ಫ್ಯಾನ್ ಬೇಕೇ ಬೇಕು.

ಈ ಕಥೆಯಲ್ಲಿ ಎಲ್ಲರೂ ಪ್ರೊಸೆಸರನ್ನು ಹೊಗಳುತ್ತಾರೆ. ನನಗೆ ಕಾಣುವಂತೆ ನಿಜವಾಗಿ ಗೆದ್ದದ್ದು ಬೋರ್ಡು. ಅದೇ ಸೆಲೆರಾನನ್ನು ಇನ್ನೂ ಅಗ್ಗದ 440ಇಎಕ್ಸ್ ಬೋರ್ಡಿಗೆ ಹಾಕಿದವರು 66ರ ಬಸ್ಸಿಗೇ ಕಟ್ಟುಬಿದ್ದರು. ಉಳಿಸಿದ ಹಣ ಮುಂದಿನ ದಾರಿಯನ್ನೇ ಮುಚ್ಚಿತು. 440ಬಿಎಕ್ಸ್ ಬೋರ್ಡು, 100 ಮೆಗಾಹರ್ಟ್ಸ್ ತಾಳುವ ಮೆಮೊರಿ ಕೊಂಡವರು ಮರುವರ್ಷ ಪೆಂಟಿಯಂ 3 ಬಂದಾಗ ಪ್ರೊಸೆಸರ್ ಒಂದನ್ನೇ ಬದಲಿಸಿ ಮುಂದೆ ಹೋಗಬಹುದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಇಲ್ಲಿ ಹಾಸಿಗೆ ಅಂದ್ರೆ ಬೋರ್ಡೇ.

ಮುಂದೆ ಬೀಗಗಳು ಬಿಗಿಯಾದವು. 2011ರಿಂದ ಇಂಟೆಲ್ಲಿನಲ್ಲಿ ಮೂಲ ವೇಗವನ್ನು ಹೆಚ್ಚು ಅಲುಗಾಡಿಸಲಿಕ್ಕೇ ಆಗದಂತಾಯಿತು. ಓವರ್‌ಕ್ಲಾಕಿಂಗ್ ಬೇಕಾದರೆ ಹೆಸರಿನ ಕೊನೆಗೆ ಕೆ ಅಕ್ಷರವಿರುವ ದುಬಾರಿ ಪ್ರೊಸೆಸರ್ ಬೇಕಾಯಿತು. 2014ರಲ್ಲಿ ಪೆಂಟಿಯಂ ಹೆಸರಿಗೆ ಇಪ್ಪತ್ತು ವರ್ಷವಾದ ನೆನಪಿಗೆ ಜಿ3258 ಎಂಬ ಅಗ್ಗದ, ಬೀಗವಿಲ್ಲದ ಪ್ರೊಸೆಸರ್ ಬಂತು. ಅದರಲ್ಲಿದ್ದದ್ದು ಎರಡೇ ಕೋರ್. ನಾಲ್ಕು ಕೋರ್ ಬೇಡುವ ಆಟಗಳ ಮುಂದೆ ವೇಗ ಎಷ್ಟು ಏರಿಸಿದರೂ ಸಾಲದಾಯಿತು. ಆದರೆ ಅದೇ ಸಾಕೆಟ್ಟಿಗೆ ಮುಂದೆ ನಾಲ್ಕು ಕೋರಿನ ಪ್ರೊಸೆಸರ್ ಹಾಕುವ ದಾರಿ ತೆರೆದಿತ್ತು. ಎಎಂಡಿ ಕಂಪೆನಿಯ ಎಎಂ4 ಸಾಕೆಟ್ ಇನ್ನೂ ಉದಾರಿ: 2017ರಲ್ಲಿ ಕೊಂಡ ಎಷ್ಟೋ ಬೋರ್ಡುಗಳಿಗೆ ಬಯಾಸ್ ಬದಲಿಸಿ 2022ರ ಪ್ರೊಸೆಸರನ್ನೂ ಕೂರಿಸಬಹುದು.

ಆದ್ದರಿಂದ ಮಗನಿಗೋ ಮಗಳಿಗೋ ಕಂಪ್ಯೂಟರ್ ಜೋಡಿಸಿಕೊಡುವವರು ಅಂಗಡಿಯಲ್ಲಿ "ಇದರ ವೇಗ ಎಷ್ಟು?" ಅಂತ ಮಾತ್ರ ಕೇಳಿ ಸುಮ್ಮನಾಗಬಾರದು. "ಈ ಬೋರ್ಡಿಗೆ ಮೂರು ವರ್ಷದ ಮೇಲೆ ಏನನ್ನು ಹಾಕಬಹುದು? ಮೆಮೊರಿಗೆ ಇನ್ನೂ ಜಾಗ ಇದೆಯೇ? ಪವರ್ ಸಪ್ಲೈ ತಾಳೀತೇ?" ಎಂದೂ ಕೇಳಬೇಕು. 1998ರಲ್ಲಿ ಜಾಣರು ಕೇಳಿದ್ದೂ ಇದನ್ನೇ.