ಅಜ್ಜನ ಲೈಸೆನ್ಸು, ಅಮ್ಮನ ರೌಟರು

ಕಳೆದ ಮುಂಗಾರಿನ ಸಿಡಿಲಿಗೆ ಊರಿನ ಮನೆಯ ರೌಟರ್ ಸುಟ್ಟುಹೋಯಿತು. ಮಲೆನಾಡಿನಲ್ಲಿ ಇದು ಸುದ್ದಿಯೇ ಅಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ಅಮ್ಮನ ರೂಢಿ, ಅವತ್ತು ಅವಳು ತೋಟದಲ್ಲಿದ್ದಳು. ನಾನು ಬರೆದುಕೊಂಡು ಹೋಗಿದ್ದ ಮಾಡೆಲ್ ನೋಡಿ ಪೇಟೆಯ ಅಂಗಡಿಯವರು, "ಅದು ಈಗ ಬರ್ತಿಲ್ಲ, ಕೇಬಲ್‌ನವರು ಕೊಟ್ಟದ್ದನ್ನೇ ಹಾಕ್ಕೊಳ್ಳಿ" ಎಂದರು. ಯಾಕೆ ಎಂದರೆ "ಗೌರ್ಮೆಂಟ್ ರೂಲ್ಸು". ಯಾವ ರೂಲ್ಸು ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಹಳೆಯ ಅಡಾಪ್ಟರಿಗಾಗಿ ಅಟ್ಟ ಹತ್ತಿದೆ. ಸಿಕ್ಕಿದ್ದು ಅಜ್ಜನ ರೇಡಿಯೊ ಲೈಸೆನ್ಸ್ ಪುಸ್ತಕ. ಪಿಎಚ್.ಡಿ. ಮಾಡುವವರಿಗೆ ಹಳೆಯ ಕಾಗದ ಕಂಡರೆ ಅಡಾಪ್ಟರ್ ಮರೆತುಹೋಗುತ್ತದೆ. ವರ್ಷಕ್ಕೆ 15 ರೂಪಾಯಿ ಕಟ್ಟಿ, ಅಂಚೆ ಕಚೇರಿಯಲ್ಲಿ ಸ್ಟಾಂಪ್ ಅಂಟಿಸಿ ಮುದ್ರೆ ಹಾಕಿಸಿದ ಪುಟಗಳು. ಮನೆಯೊಳಗೆ ಹಾಡು ಕೇಳಲು ಸರ್ಕಾರದ ಅಪ್ಪಣೆ!

ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದ ಕತೆ ನಮಗೆಲ್ಲ ಬಾಯಿಪಾಠ. ಅದಕ್ಕಿಂತ ಎರಡು ವರ್ಷ ಹಿಂದೆ ಬ್ರಿಟಿಷ್ ಭಾರತದಲ್ಲಿ ಬಂದ ಕಾಯ್ದೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಖಾಸಗಿ ಪ್ರಸಾರ ಕಂಪನಿ ದಿವಾಳಿಯಾಗಿ, ಕೇಂದ್ರಗಳನ್ನು ಸರ್ಕಾರವೇ ನಡೆಸಬೇಕಾಗಿ ಬಂದಿತ್ತು. ಹಣ ಬೇಕಿತ್ತು. 1932ರಲ್ಲಿ ಆಮದು ರೇಡಿಯೊಗಳ ಸುಂಕ ಶೇಕಡಾ 50ಕ್ಕೆ ಏರಿತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಗಮನಿಸಿ, ಬಳಸುವುದಲ್ಲ, ಇಟ್ಟುಕೊಳ್ಳುವುದು. ಆದರೂ ಕೊಟ್ಟ ಹಣಕ್ಕೆ ಕೇಳುಗನಿಗೆ ಒಂದು ಪ್ರತಿಫಲವಿತ್ತು: ಪ್ರಸಾರ ನಿಲ್ಲಲಿಲ್ಲ, ಬೆಳೆಯಿತು.

ರೇಡಿಯೊ ಲೈಸೆನ್ಸ್ 1980ರ ದಶಕದಲ್ಲಿ ರದ್ದಾಯಿತು, ಕಾಯ್ದೆ ಉಳಿಯಿತು. ವೈಫೈ ರೌಟರ್ ಕೂಡ ರೇಡಿಯೊ ತರಂಗ ಕಳಿಸುವ, ಹಿಡಿಯುವ ಯಂತ್ರವೇ. ನಮ್ಮ ಮನೆಗಳ ವೈಫೈ ಓಡುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಡಲು 2005ರಲ್ಲಿ ಪ್ರತ್ಯೇಕ ನಿಯಮವೇ ಬೇಕಾಯಿತು.

ಈ ಎರಡರ ನಡುವೆ ಫೋನಿನ ಕಾಲವಿದೆ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಐಟಿಐ 1948ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಈಗಿನ ದೂರವಾಣಿನಗರದಲ್ಲಿ. ಆಮದು ಬೇಡ, ನಮ್ಮದನ್ನು ನಾವೇ ಮಾಡೋಣ ಎಂಬುದು ಆ ಕಾಲದ ನಂಬಿಕೆ, ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. 1991ರ ಹೊತ್ತಿಗೂ ಇಡೀ ದೇಶದಲ್ಲಿ ಇದ್ದದ್ದು ಸುಮಾರು 50 ಲಕ್ಷ ಸಂಪರ್ಕ. ನಮ್ಮ ಕೇರಿಯಲ್ಲಿ ಫೋನ್ ಬಂದ ದಿನ ಪಾಯಸ ಮಾಡಿದ ಮನೆಯೊಂದಿದೆ. ಆಮದಿಗೆ ಬಾಗಿಲು ಹಾಕಿದವರು ಒಳಗೆ ಕಾಯುತ್ತಿರುವವರ ಎಣಿಕೆ ಹಾಕಿರಲಿಲ್ಲ ಎಂದು ಬರೆದು ಮುಗಿಸಿಬಿಡಬಹುದು.

ಆದರೆ ಕಿತ್ತೂರು ಅಡ್ಡ ಬರುತ್ತದೆ. ಚೆನ್ನಮ್ಮನ ಕಿತ್ತೂರೇ. ವಿದೇಶಿ ಎಕ್ಸ್‌ಚೇಂಜ್‌ಗಳು ಹವಾನಿಯಂತ್ರಿತ ಕೋಣೆಗಾಗಿ, ಮನೆಗೊಂದು ಫೋನ್ ಇರುವ ದೇಶಗಳಿಗಾಗಿ ತಯಾರಾದವು. ನಮ್ಮಲ್ಲಿ ಊರಿಗೊಂದು ಫೋನ್, ಅದರ ಮುಂದೆ ಊರೆಲ್ಲ ಸಾಲು. ಜೊತೆಗೆ ಧೂಳು, ಸೆಕೆ, ಹೋಗಿಬರುವ ಕರೆಂಟು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಎ.ಸಿ. ಇಲ್ಲದೆ ನಡೆಯುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಮೊದಲನೆಯದನ್ನು 1986ರಲ್ಲಿ ಕೂರಿಸಿದ್ದು ಕಿತ್ತೂರಿನಲ್ಲಿ. ಹಳ್ಳಿಯ ಎಸ್‌ಟಿಡಿ ಬೂತಿನ ಹಳದಿ ಬೋರ್ಡಿನ ಹಿಂದೆ ಇಂಥ ಪೆಟ್ಟಿಗೆಗಳಿದ್ದವು. ಇಲ್ಲಿ ಸ್ವದೇಶಿ ಎಂಬುದು ಅಚ್ಚೊತ್ತಿದ ಚೀಟಿಯಾಗಿರಲಿಲ್ಲ. ಯಾರು ಬಳಸುತ್ತಾರೆ, ಎಂಥ ಕೋಣೆಯಲ್ಲಿ ಎಂಬ ಪ್ರಶ್ನೆಯಿಂದಲೇ ಆ ಯಂತ್ರ ಹುಟ್ಟಿತ್ತು.

ಈಗಿನ ನಿಯಮಗಳನ್ನು ನಾನು ಓದಿದ್ದು ಈ ಪ್ರಶ್ನೆ ಹಿಡಿದುಕೊಂಡೇ. 2021ರ ಜೂನ್ 15ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಜಾಲಕ್ಕೆ ವಿಶ್ವಾಸಾರ್ಹ ಎಂದು ಒಪ್ಪಿತವಾದ ಮೂಲಗಳ ಉಪಕರಣವನ್ನೇ ಜೋಡಿಸಬೇಕು. ಮಾರಾಟಕ್ಕೆ ಮೊದಲು ಉಪಕರಣಗಳ ಪರೀಕ್ಷೆ, ಪ್ರಮಾಣಪತ್ರ ಕಡ್ಡಾಯ. ಭದ್ರತೆಯ ಪರೀಕ್ಷಾ ಮಾನದಂಡ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ. ನೆಪ ಹುಸಿಯಲ್ಲ: ಮನೆಯ ಬ್ಯಾಂಕು, ಮಗುವಿನ ಪಾಠ, ಕ್ಯಾಮೆರಾ ಎಲ್ಲವೂ ದಾಟುವ ಹೊಸ್ತಿಲು ರೌಟರ್. ಹೊಸ್ತಿಲಿಗೆ ಯಾರು ಬಾಗಿಲು ಮಾಡಿದರು ಎಂದು ಕೇಳುವುದು ತಪ್ಪಲ್ಲ.

ಆದರೆ ಮಾಡಿದ ದೇಶ ಯಾವುದು ಎಂಬ ಒಂದೇ ಪ್ರಶ್ನೆ ಸಾಲದು. 2024ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ, ಚೀನಾ ಸರ್ಕಾರದ ಬೆಂಬಲವಿದ್ದ ಹ್ಯಾಕರುಗಳು ವಶಮಾಡಿಕೊಂಡಿದ್ದ ನೂರಾರು ಸಣ್ಣ ರೌಟರುಗಳನ್ನು ಬಿಡಿಸಿದ್ದಾಗಿ ಹೇಳಿತು. ಅವುಗಳಲ್ಲಿ ಬಹುಪಾಲು ಸಿಸ್ಕೊ, ನೆಟ್‌ಗಿಯರ್. ಅಂದರೆ ಅಮೆರಿಕದ್ದೇ ಹೆಸರುಗಳು. ಕಳ್ಳ ಒಳಬಂದದ್ದು ಕಂಪನಿ ತಂತ್ರಾಂಶ ತಿದ್ದುವುದನ್ನು ನಿಲ್ಲಿಸಿದ್ದ ಹಳೆಯ ಪೆಟ್ಟಿಗೆಗಳ ಮೂಲಕ.

ಪ್ರತಿ ಮಾಡೆಲ್ಲಿಗೂ ಪರೀಕ್ಷೆಯ ಖರ್ಚು ಬಿದ್ದರೆ ಕಂಪನಿಗಳು ಹೆಚ್ಚು ಓಡುವ ನಾಲ್ಕನ್ನಷ್ಟೇ ತರುತ್ತವೆ. ದೊಡ್ಡ ಊರಿನವರಿಗೆ ಬೆಲೆ ಏರುತ್ತದೆ, ಸಣ್ಣ ಪೇಟೆಯಲ್ಲಿ ಆಯ್ಕೆಯೇ ಇಲ್ಲವಾಗುತ್ತದೆ. ಆಗ ಜನ ಮಾಡುವುದೇನು? ಹಳೆಯದನ್ನೇ ಓಡಿಸುತ್ತಾರೆ, ಅದು ಎಷ್ಟೇ ತೂತಾಗಿದ್ದರೂ. ಭದ್ರತೆಗೆಂದು ತಂದ ನಿರ್ಬಂಧ ಹೀಗೆ ಅಭದ್ರ ಪೆಟ್ಟಿಗೆಯ ಆಯುಸ್ಸನ್ನು ಬೆಳೆಸಬಹುದು. ಇದು ನನ್ನ ಲೆಕ್ಕ; ನನ್ನ ಮಾರ್ಗದರ್ಶಕರು ಒಪ್ಪುವುದಿಲ್ಲ, ಅಗ್ಗದ ಆಯ್ಕೆಯೇ ಅಪಾಯ ತಂದದ್ದು ಎನ್ನುತ್ತಾರೆ.

ಕೊನೆಗೆ ಕೇಬಲ್‌ನವರ ಹುಡುಗ ಬಂದು ಬಿಳಿ ಪೆಟ್ಟಿಗೆಯೊಂದನ್ನು ಗೋಡೆಗೆ ಹೊಡೆದುಹೋದ. ತಿರುಗಿಸಿ ನೋಡಿದೆ. ಮೇಡ್ ಇನ್ ಇಂಡಿಯಾ ಎಂದಿತ್ತು, ಉದ್ದದ ಒಂದು ಸಂಖ್ಯೆಯಿತ್ತು, ಎಲ್ಲರ ಮನೆಗೂ ಒಂದೇ ಇರಬಹುದಾದ ಪಾಸ್‌ವರ್ಡ್ ಇತ್ತು. ಅಜ್ಜನ ಪುಸ್ತಕದ ಪ್ರತಿ ಪುಟದಲ್ಲೂ ಯಾವ ದಿನಾಂಕದವರೆಗೆ ಎಂದು ಮುದ್ರೆಯಿತ್ತು. ಈ ಪೆಟ್ಟಿಗೆಯನ್ನು ಎಲ್ಲಿಯವರೆಗೆ ತಿದ್ದುತ್ತಾರೆ ಎಂಬ ದಿನಾಂಕ ಮಾತ್ರ ಎಲ್ಲೂ ಇರಲಿಲ್ಲ. ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಪುಸ್ತಕದ ಖಾಲಿ ಪುಟದಲ್ಲಿ ಬರೆದಿಟ್ಟೆ.

"ಗುಡುಗು ಬಂದ್ರೆ ಇದನ್ನೂ ಕೀಳ್ಬೇಕಲ್ವಾ?" ಎಂದಳು ಅಮ್ಮ.

ಹೌದು ಎಂದೆ.